ಹೆಸರು ಹೇಳಮ್ಮ

ಶಿರಾ ಗೇಟಿನಲ್ಲಿ ಗೇಟು ಇಲ್ಲ. ತುಮಕೂರನ್ನು ಬಿಟ್ಟು ಶಿರಾ ಕಡೆಗೆ ಹೊರಡುವ ರಸ್ತೆಯ ತಲೆಬಾಗಿಲಿಗೆ ಆ ಹೆಸರು ಉಳಿದುಕೊಂಡಿದೆ, ಅಷ್ಟೆ. ಗೇಟಿಗೆ ಬದಲಾಗಿ ಅಲ್ಲಿ ಫ್ಲೆಕ್ಸುಗಳಿರುತ್ತವೆ. ಹುಟ್ಟುಹಬ್ಬಕ್ಕೊಂದು, ಗಣಪತಿ ಹಬ್ಬಕ್ಕೊಂದು, ರಾಜ್ಯೋತ್ಸವಕ್ಕೊಂದು, ಯಾರಾದರೂ ದೊಡ್ಡವರು ಊರಿಗೆ ಬಂದರಂತೂ ಸಾಲಾಗಿ ಹತ್ತು. ಬಸ್ಸಿಗೆ ಕಾಯುವಾಗ ನಾನು ಇವುಗಳನ್ನೇ ಓದುತ್ತಾ ನಿಲ್ಲುತ್ತೇನೆ. ಪಾಠ ಹೇಳುವವರಿಗೆ ಅಕ್ಷರ ಕಂಡರೆ ಸುಮ್ಮನಿರಲಾಗುವುದಿಲ್ಲ. ಕಾಗುಣಿತದ ತಪ್ಪು ಹುಡುಕುವುದು ನನಗೊಂದು ಚಟ.

ಹಾಗೆ ಓದುತ್ತಾ ಹೋದಂತೆ ಕಾಗುಣಿತಕ್ಕೆ ಸೇರದ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಚುನಾವಣೆಯಲ್ಲಿ ಗೆದ್ದವಳು ಹೆಣ್ಣುಮಗಳಾಗಿದ್ದರೆ ಆ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಅವಳ ಮುಖ ತೆಂಗಿನಕಾಯಿಯಷ್ಟಿರುತ್ತದೆ, ಪಕ್ಕದಲ್ಲಿ ಅವಳ ಯಜಮಾನರ ಮುಖ ಕುಂಬಳಕಾಯಿಯಷ್ಟಿರುತ್ತದೆ. ಕೆಳಗೆ ಅವಳ ಹೆಸರಿನ ಬಾಲಕ್ಕೆ ಅವರ ಹೆಸರನ್ನು ಗಂಟುಹಾಕಿರುತ್ತಾರೆ. ಗೆದ್ದವರು ಯಾರು ಎಂದು ಹೊಸಬರು ಕೇಳಿದರೆ ಬೆರಳು ತೋರಿಸುವುದು ಕುಂಬಳಕಾಯಿಯ ಕಡೆಗೇ. ಇದು ಎಲ್ಲ ಪಕ್ಷಗಳಿಗೂ ಅನ್ವಯಿಸುವ ಮಾತು. ಈ ಒಂದು ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಇರುವ ಒಮ್ಮತವನ್ನು ಮೆಚ್ಚಲೇಬೇಕು!

ನಮ್ಮ ದೇಶದ ರಾಜಕೀಯ ಅದನ್ನು ಕಟ್ಟಿದವರ ಆಸೆಗೆ ತಕ್ಕಂತೆ ನಡೆದಿದೆಯೇ ಎಂದು ದೊಡ್ಡ ದೊಡ್ಡ ವಿದ್ವಾಂಸರು ಬರೆಯುತ್ತಾರೆ. ಅಷ್ಟು ದೊಡ್ಡ ತಕ್ಕಡಿ ನನ್ನ ಹತ್ತಿರ ಇಲ್ಲ. ನನ್ನದು ಅಡುಗೆ ಮನೆಯ ಪಾವು. ಈ ದೇಶದ ಹೆಣ್ಣಿಗೆ ಅವಳದೇ ಆದ ಒಂದು ಹೆಸರು ಸಿಕ್ಕಿತೇ, ಆ ಹೆಸರಿನ ಕುರ್ಚಿಯಲ್ಲಿ ಅವಳೇ ಕುಳಿತಳೇ? ಇಷ್ಟನ್ನೇ ಅಳೆದು ನೋಡಿದರೂ ಬೇಕಾದಷ್ಟು ತಿಳಿಯುತ್ತದೆ.

ನಾನು ಹೈಸ್ಕೂಲು ಟೀಚರು. ನಮ್ಮಂಥವರಿಗೆ ಚುನಾವಣಾ ಡ್ಯೂಟಿ ತಪ್ಪಿದ್ದಲ್ಲ. ಮೊದಮೊದಲು ಹೋದಾಗ ಮತಪತ್ರ, ರಬ್ಬರ್ ಮುದ್ರೆ, ಅರಗಿನ ಮೊಹರು ಹಾಕಿದ ತಗಡಿನ ಪೆಟ್ಟಿಗೆ. ಆಮೇಲೆ ಗುಂಡಿ ಒತ್ತುವ ಯಂತ್ರ ಬಂತು. ಬದಲಾಗದೆ ಉಳಿದದ್ದು ಎರಡು. ಒಂದು, ಬೆರಳಿಗೆ ಹಚ್ಚುವ ಶಾಯಿ. ಅದನ್ನು ತಯಾರಿಸುವುದು ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯೇ, 1962ರ ಚುನಾವಣೆಯಿಂದಲೂ. ಇನ್ನೊಂದು, ಹೆಸರು ಕೂಗುವುದು. ಮತಗಟ್ಟೆಯ ಮೊದಲನೇ ಅಧಿಕಾರಿ ಮತದಾರರ ಹೆಸರನ್ನು ಪಟ್ಟಿಯಲ್ಲಿ ಹುಡುಕಿ, ಪಕ್ಷಗಳ ಏಜೆಂಟರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಬೇಕು. ಪಟ್ಟಿಯಲ್ಲಿ ಹೆಂಗಸರ ಹೆಸರಿನ ಕೆಳಗೆ ತಂದೆಯ ಅಥವಾ ಗಂಡನ ಹೆಸರಿರುತ್ತದೆ. ಒಂದೇ ಹೆಸರಿನ ನಾಲ್ಕು ಜನ ಲಕ್ಷ್ಮಮ್ಮಂದಿರು ಇದ್ದರೆ ಅದನ್ನೂ ಕೇಳಬೇಕಾಗುತ್ತದೆ.

ಒಂದು ಸಲ ಹಳ್ಳಿಯ ಮತಗಟ್ಟೆಯೊಂದರಲ್ಲಿ ಹೀಗೇ ಆಯಿತು. ಎಪ್ಪತ್ತು ದಾಟಿದ ಅಜ್ಜಿ. "ನಿಮ್ಮ ಯಜಮಾನರ ಹೆಸರೇನಜ್ಜಿ?" ಎಂದೆ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಹೇಳ್ಬಾರ್ದು ಕಣವ್ವ" ಎಂದರು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಬಿಡಲಿಲ್ಲ. ಅಜ್ಜಿ ಸ್ವಲ್ಪ ಯೋಚಿಸಿ, "ಸೀಬಿ ದ್ಯಾವ್ರ ಹೆಸ್ರು ಬರ್ಕೊ" ಎಂದರು. ಶಿರಾ ರಸ್ತೆಯ ಸೀಬಿಯಲ್ಲಿರುವುದು ನರಸಿಂಹಸ್ವಾಮಿ. ಪಟ್ಟಿಯಲ್ಲಿ ನೋಡಿದರೆ ನರಸಿಂಹಯ್ಯ ಎಂದೇ ಇತ್ತು! ಏಜೆಂಟರೆಲ್ಲ ನಕ್ಕರು. ಆದರೆ ಅಜ್ಜಿ ಹೊರಡುವಾಗ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ: "ನನ್ನ ಹೆಸ್ರು ಕೇಳೋರು ಓಟಿನೋರು ಮಾತ್ರ ಕಣವ್ವ. ಊರಿಗೆಲ್ಲ ನಾನು ನರಸಿಂಹಯ್ಯನ ಮನೇಳು."

ನೋಡಿ, ನಮ್ಮಲ್ಲಿ ಗಂಡನ ಹೆಸರನ್ನು ಹೆಂಡತಿ ಹೇಳಬಾರದು. ಹೆಂಡತಿಯ ಹೆಸರನ್ನಂತೂ ಊರೇ ಹೇಳುವುದಿಲ್ಲ. ಮೇಷ್ಟರ ಹೆಂಡತಿ, ಶಾನುಭೋಗರ ಸೊಸೆ, ಇಂಥವನ ತಾಯಿ, ಹೀಗೇ ಒಂದು ಜನ್ಮ ಕಳೆದುಹೋಗುತ್ತದೆ.

ಇದು ಬರಿಯ ನಮ್ಮ ಸೀಮೆಯ ಕತೆಯೂ ಅಲ್ಲ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸಲು ಮನೆ ಮನೆಗೆ ಹೋದವರಿಗೆ ಎಷ್ಟೋ ಕಡೆ, ಅದರಲ್ಲೂ ಉತ್ತರದ ರಾಜ್ಯಗಳಲ್ಲಿ, ಹೆಂಗಸರು ತಮ್ಮ ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಇದನ್ನು ಒಪ್ಪಲಿಲ್ಲ. ಮತದಾರಳಿಗೆ ಸ್ವಂತ ಹೆಸರು ಇರಲೇಬೇಕು ಎಂದರು. ತಿದ್ದಿಸಿಕೊಳ್ಳಲು ಅವಕಾಶ ಕೊಟ್ಟರೂ, ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿ ಕೊನೆಗೂ ಹೆಸರು ಹೇಳದೆ ಪಟ್ಟಿಯಿಂದ ಬಿಟ್ಟುಹೋದರು. ಸ್ವತಂತ್ರ ದೇಶದ ಮೊದಲ ಓಟು, ಬರಿಯ ಒಂದು ಹೆಸರಿಗಾಗಿ ತಪ್ಪಿತು. ಸೇನ್ ಅವರದು ಕಠಿಣವಾಯಿತೆಂದು ಮೊದಲು ನನಗೂ ಅನ್ನಿಸುತ್ತಿತ್ತು. ಸೀಬಿ ದೇವರ ಹೆಸರು ಬರೆಸಿದ ಅಜ್ಜಿಯನ್ನು ಕಂಡ ಮೇಲೆ, ಅವರು ಹಟ ಹಿಡಿಯದಿದ್ದರೆ ಆಕೆಯ ಹೆಸರನ್ನು ಒಮ್ಮೆಯಾದರೂ ಗಟ್ಟಿಯಾಗಿ ಕೂಗುವವರು ಯಾರಿದ್ದರು ಎನ್ನಿಸಿತು.

ಸಂವಿಧಾನ ಬರೆದವರು ಮಾಡಿದ ದೊಡ್ಡ ಕೆಲಸ ಇದು ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಹೆಂಗಸರಿಗೆ ಓಟಿನ ಹಕ್ಕು ಬಂದದ್ದು 1920ರ ದಶಕದಲ್ಲಿ, ಅದೂ ಆಸ್ತಿ ಗೀಸ್ತಿ ಇದ್ದವರಿಗೆ. ಕೂಲಿ ಮಾಡುವವಳಿಗೂ ಅರಮನೆಯವಳಿಗೂ ಒಂದೇ ತೂಕದ ಓಟು ಬಂದದ್ದು 1950ರ ಸಂವಿಧಾನದಿಂದ. ಗಡಿಯಾರಕ್ಕೂ ಚಾಕೊಲೇಟಿಗೂ ಹೆಸರಾದ ಸ್ವಿಟ್ಜರ್ಲೆಂಡಿನ ಹೆಂಗಸರು ತಮ್ಮ ದೇಶದ ಸಂಸತ್ತಿನ ಚುನಾವಣೆಯ ಹಕ್ಕಿಗಾಗಿ 1971ರ ತನಕ ಕಾದರು ಎಂದರೆ ಮಕ್ಕಳು ನಂಬುವುದಿಲ್ಲ.

ಆ ಸಂವಿಧಾನ ಸಭೆಯಲ್ಲಿ 15 ಮಂದಿ ಹೆಂಗಸರಿದ್ದರು. ಹಂಸಾ ಮೆಹ್ತಾ ಅವರಲ್ಲೊಬ್ಬರು. 1947ರ ಆಗಸ್ಟ್ 14ರ ನಡುರಾತ್ರಿ ದೇಶದ ಹೆಂಗಸರ ಪರವಾಗಿ ರಾಷ್ಟ್ರಧ್ವಜವನ್ನು ಸಭೆಗೆ ಒಪ್ಪಿಸಿದವರು ಅವರೇ. ಅವರೂ ರೇಣುಕಾ ರೇ ಅವರೂ ಹೆಂಗಸರಿಗೆಂದು ಮೀಸಲು ಸ್ಥಾನ ಬೇಡವೆಂದೇ ವಾದಿಸಿದವರು. ನಾವು ಕೇಳುವುದು ದಾನವನ್ನಲ್ಲ, ನ್ಯಾಯವನ್ನು. ಸಮಾನ ಹಕ್ಕು ಕೊಟ್ಟರೆ ಮಿಕ್ಕದ್ದು ತಾನಾಗಿ ಬರುತ್ತದೆ ಎನ್ನುವ ಧಾಟಿ ಅವರ ಮಾತಿನದು. ಎಂಥ ನಂಬಿಕೆ! ಜೊತೆಯಲ್ಲಿ ಜೈಲಿಗೆ ಹೋದ ಗಂಡಸರು ವಿಧಾನಸಭೆಗೂ ಜೊತೆಯಲ್ಲೇ ಕರೆದೊಯ್ಯುತ್ತಾರೆ ಎಂದು ಅವರು ಎಣಿಸಿದ್ದರು.

ಏನಾಯಿತು ಎನ್ನುವುದನ್ನು ಲೆಕ್ಕದ ಮೇಷ್ಟರನ್ನು ಕೇಳದೆಯೂ ಹೇಳಬಹುದು. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ 224 ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು 10. 2024ರಲ್ಲಿ ಲೋಕಸಭೆಯ 543ರಲ್ಲಿ 74. ಕರ್ನಾಟಕದ 28ರಲ್ಲಿ 3. ನಮ್ಮ ತುಮಕೂರು ಕ್ಷೇತ್ರದಿಂದ 1952ರಿಂದ 2024ರವರೆಗೆ ಒಂದೇ ಒಂದು ಚುನಾವಣೆಯಲ್ಲೂ ಹೆಣ್ಣುಮಗಳೊಬ್ಬಳು ಗೆದ್ದು ದಿಲ್ಲಿಗೆ ಹೋಗಿಲ್ಲ. ಹಾಗೆಂದು ಹೆಂಗಸರು ಓಟು ಹಾಕುವುದಿಲ್ಲವೆಂದಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ದೇಶದಲ್ಲಿ ಹೆಂಗಸರ ಮತದಾನದ ಪ್ರಮಾಣ ಗಂಡಸರದಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಇತ್ತು. ಸಾಲಿನಲ್ಲಿ ನಿಲ್ಲುವುದಕ್ಕೆ ನಾವು, ಕುರ್ಚಿಯಲ್ಲಿ ಕೂರುವುದಕ್ಕೆ ಅವರು.

ಸಮರ್ಥರು ಇರಲಿಲ್ಲವೇ? ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಇಡೀ ಸಭೆಯ ಗಂಡಸರನ್ನು ಒಂದು ಮಾತಿನಲ್ಲಿ ಕೂರಿಸುವ, ಏಳಿಸುವ ಅಧಿಕಾರ ಒಬ್ಬ ಹೆಣ್ಣುಮಗಳ ಕೈಯಲ್ಲಿತ್ತು. ಬಾಗಿಲು ತೆರೆದರೆ ಒಳಗೆ ಬರುವವರು ಇದ್ದರು. ಬಾಗಿಲು ತೆರೆಯುವವರು ಕಡಿಮೆ.

ಅಂಥವರಲ್ಲಿ ಒಬ್ಬರು ಅದೇ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬಾವಿ ಕೊರೆಸಿ ನೀರು ಕೊಟ್ಟದ್ದಕ್ಕೆ ಜನ ಅವರನ್ನು ನೀರು ಸಾಬ್ ಎಂದೇ ಕರೆದರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ, 1983ರ ಕಾಯ್ದೆಯಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳ ನೂರಕ್ಕೆ 25 ಸ್ಥಾನ ಹೆಂಗಸರಿಗೆಂದು ಆಯಿತು. ಚುನಾವಣೆ ನಡೆದದ್ದು 1987ರಲ್ಲಿ. ದೇಶಕ್ಕೆಲ್ಲ ಮೂರನೇ ಒಂದು ಪಾಲು ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಹಂಸಾ ಮೆಹ್ತಾ ಅವರು ತಾನಾಗಿ ಬರುತ್ತದೆಂದು ಕಾದದ್ದನ್ನು ಕಾನೂನು ಮಾಡಿಯೇ ತರಬೇಕಾಯಿತು.

ತಂದ ಮೇಲೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಿಮಗೆ ಗೊತ್ತು. ನಮ್ಮ ಸಂಬಂಧದಲ್ಲೇ ನಡೆದದ್ದನ್ನು ಹೇಳುತ್ತೇನೆ. ನನ್ನ ಚಿಕ್ಕಮ್ಮನ ಸೊಸೆ 2015ರಲ್ಲಿ ತಮ್ಮ ಹಳ್ಳಿಯ ಗ್ರಾಮ ಪಂಚಾಯಿತಿಗೆ ಆಯ್ಕೆಯಾದಳು. ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಮನೆಯಲ್ಲಿ ರಾತ್ರಿ ಹೊತ್ತು ಮಾತುಕತೆಯಾಗಿ ಬೆಳಗ್ಗೆ ಅವಳಿಗೆ ವಿಷಯ ತಿಳಿಸಿದರು. ನಾಮಪತ್ರದ ಹಿಂದಿನ ದಿನ ಅವಳಿಗೊಂದು ರೇಷ್ಮೆ ಸೀರೆ ಬಂತು. ಗೆದ್ದಳು. ಮೊದಲ ವರ್ಷವೆಲ್ಲ ಸಭೆಗೆ ಹೋದವನು ಗಂಡ. ಸಹಿ ಬೇಕಾದಾಗ ಪುಸ್ತಕವೇ ಮನೆಗೆ ಬರುತ್ತಿತ್ತು. ರೊಟ್ಟಿ ತಟ್ಟುವ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ತೋರಿಸಿದ ಕಡೆ ಹೆಸರು ಬರೆಯುತ್ತಿದ್ದಳು. "ಏನು ಬರೆದಿತ್ತೇ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಓದೋಕೆ ಹೋದರೆ ರೊಟ್ಟಿ ಸೀಯುತ್ತೆ ಅತ್ತಿಗೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಎರಡನೇ ಬೇಸಿಗೆಯಲ್ಲಿ ನೀರಿಗೆ ತತ್ವಾರವಾಯಿತು. ನಮ್ಮ ಜಿಲ್ಲೆಯ ಬಯಲು ಸೀಮೆಯ ಬೇಸಿಗೆ ಹೇಗಿರುತ್ತದೆಂದು ಕಂಡವರಿಗೆ ಹೇಳಬೇಕಿಲ್ಲ. ಊರ ಹೆಂಗಸರು ಖಾಲಿ ಕೊಡ ಹಿಡಿದು ಅವಳ ಹಿತ್ತಿಲ ಬಾಗಿಲಿಗೆ ಬಂದರು. ಮುಂಬಾಗಿಲಿನಲ್ಲಿ ಗಂಡ ಕುಳಿತಿದ್ದರೂ ಅವರು ಹೋದದ್ದು ಹಿತ್ತಿಲಿಗೆ. ಯಾವ ಬೀದಿಯ ನಲ್ಲಿಗೆ ಯಾವ ದಿನ ನೀರು ಬರುತ್ತದೆ, ಯಾರ ಮನೆಯ ಮೋಟಾರು ಎಷ್ಟು ಎಳೆಯುತ್ತದೆ, ವಾಲ್ವು ಎಲ್ಲಿ ತಿರುಗಿಸಿದರೆ ಕೇರಿಗೆ ನೀರು ಏರುತ್ತದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಕೊಡ ಹೊತ್ತವಳಿಗೆ ಗೊತ್ತಿತ್ತು. ಆ ತಿಂಗಳ ಸಭೆಗೆ ಅವಳೇ ಹೋದಳು. ಗಂಡನೂ ಹಿಂದೆ ಹೋದ. ಒಂದೇ ಕುರ್ಚಿ ಖಾಲಿ ಇತ್ತು. ಎಂದಿನಂತೆ ಅವನು ಕುಳಿತ. ಅವಳು ನಿಂತುಕೊಂಡೇ ಮಾತಾಡಿದಳು, ಕಾಲು ಗಂಟೆ. ಮುಗಿಯುವ ಹೊತ್ತಿಗೆ ಅವನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದನಂತೆ. ಯಾರೂ ಏಳು ಎಂದಿರಲಿಲ್ಲ.

ಇಷ್ಟಕ್ಕೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು. 2020ರಲ್ಲಿ ಮತ್ತೆ ಚುನಾವಣೆ ಬಂದಾಗ ಆ ಸ್ಥಾನ ಸಾಮಾನ್ಯ ವರ್ಗಕ್ಕೆ ಬಂದಿತು. "ಈ ಸಲ ಜನರಲ್, ಗಂಡಸರದು" ಎಂದು ಮನೆಯವರೂ ಊರವರೂ ತೀರ್ಮಾನಿಸಿಬಿಟ್ಟರು. ಸಾಮಾನ್ಯ ಎಂದರೆ ಗಂಡಸರದು ಎಂದು ಯಾವ ಕಾನೂನಿನಲ್ಲೂ ಇಲ್ಲ. ಯಾರು ಬೇಕಾದರೂ ನಿಲ್ಲಬಹುದು. ನಾನು ಹೇಳಿದೆ. ಕೇಳುವವರು ಯಾರು? ಅವನು ನಿಂತ, ಗೆದ್ದ. ಆ ಐದು ವರ್ಷವೂ ನೀರು ನಿಂತರೆ ಹೆಂಗಸರು ಬಂದದ್ದು ಅದೇ ಹಿತ್ತಿಲಿಗೆ. ವಾಟರ್‌ಮ್ಯಾನ್‌ಗೆ ಫೋನು ಮಾಡುತ್ತಿದ್ದವಳು ಅವಳೇ. ಮೊದಲ ಸಲ ಹೆಸರು ಅವಳದು, ಕುರ್ಚಿ ಅವನದು. ಎರಡನೇ ಸಲ ಹೆಸರೂ ಕುರ್ಚಿಯೂ ಅವನದು, ಕೆಲಸ ಅವಳದು.

ಇದು ಒಂದು ಮನೆಯ ಕತೆಯಾಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಹೆಂಡತಿಯ ಬದಲು ಗಂಡ ಆಳುವ ಈ ರೋಗ ಸರ್ವೋಚ್ಚ ನ್ಯಾಯಾಲಯದ ತನಕ ಹೋಯಿತು. 2023ರಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಇದಕ್ಕೆಂದೇ ಒಂದು ಸಮಿತಿ ಮಾಡಿತು. ಆ ಸಮಿತಿ 2025ರಲ್ಲಿ ವರದಿ ಕೊಟ್ಟು, ಹಾಗೆ ನಡೆಯುವವರಿಗೆ ಕಠಿಣ ದಂಡನೆಯಾಗಬೇಕು ಎಂದಿತು. ಒಳ್ಳೆಯದೇ. ಆದರೆ ದಂಡನೆಗೆ ಮುಂಚೆ ಕುರ್ಚಿಯಾದರೂ ಇರಬೇಕಲ್ಲ? ನಮ್ಮ ರಾಜ್ಯದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷ ಮುಗಿಯುವುದರೊಳಗೆ ಮತ್ತೆ ಚುನಾವಣೆ ನಡೆಸಬೇಕೆಂದು ಸಂವಿಧಾನವೇ ಹೇಳುತ್ತದೆ. ಆದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ನಾಲ್ಕು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂದರೂ ಆಗಲಿಲ್ಲ. ಆ ಸ್ಥಾನಗಳಲ್ಲಿ ಅರ್ಧ ನಮ್ಮವು ಎನ್ನುವುದನ್ನು ಯಾರೂ ಗಟ್ಟಿಯಾಗಿ ಹೇಳಿದ್ದು ನಾನು ಕೇಳಲಿಲ್ಲ. ಮಳೆ ಬೆಳೆ ಇಲ್ಲದ ಹಾಗೆ ಅದೂ ಒಂದು ಎಂದು ಸುಮ್ಮನಾದೆವು.

ಇನ್ನು ದಿಲ್ಲಿಯ ಕತೆ. ಲೋಕಸಭೆ, ವಿಧಾನಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಪಾಲು ಕೊಡುವ ಮಸೂದೆ ಮೊದಲು ಬಂದದ್ದು 1996ರ ಸೆಪ್ಟೆಂಬರಿನಲ್ಲಿ, ನಮ್ಮ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಅದೇ ವರ್ಷ ನಮ್ಮ ಮನೆಯಲ್ಲಿ ಮಗಳು ಹುಟ್ಟಿದಳು. ಅವಳು ಅಂಬೆಗಾಲಿಟ್ಟಳು, ಶಾಲೆಗೆ ಸೇರಿದಳು, ಎಸ್ಸೆಸ್ಸೆಲ್ಸಿ ಮಾಡಿದಳು, ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದಳು, ಮದುವೆಯೂ ಆಯಿತು. ಮಸೂದೆ ಅತ್ತಿಂದಿತ್ತ ಓಡಾಡುತ್ತಲೇ ಇತ್ತು. 2010ರಲ್ಲಿ ರಾಜ್ಯಸಭೆಯ ಹೊಸ್ತಿಲು ದಾಟಿ ಲೋಕಸಭೆಯ ಹೊಸ್ತಿಲಲ್ಲಿ ನಿಂತುಹೋಯಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಎರಡೂ ಸದನಗಳು ಒಪ್ಪಿ ಸಂವಿಧಾನದ 106ನೇ ತಿದ್ದುಪಡಿಯಾಯಿತು. ಆಗ ಮಗಳಿಗೆ 27 ವರ್ಷ. ಆ ತಿದ್ದುಪಡಿಯಲ್ಲೂ ಒಂದು ಷರತ್ತು ಇಟ್ಟರು: ಜನಗಣತಿ ನಡೆದು, ಕ್ಷೇತ್ರಗಳ ಪುನರ್ವಿಂಗಡಣೆ ಮುಗಿದ ಮೇಲೆ ಸ್ಥಾನ ಕೊಡುವುದು ಎಂದು. ಊಟಕ್ಕೆ ಕರೆದು, ಎಲೆ ಹಾಕಿ, ಗದ್ದೆ ಅಳೆದು ಬಂದ ಮೇಲೆ ಬಡಿಸುತ್ತೇವೆ ಎಂದ ಹಾಗೆ.

ಹಾಗೆಂದು ಹೆಂಗಸರನ್ನು ರಾಜಕೀಯ ಮರೆತಿದೆ ಎನ್ನಲಾಗದು. ಈಗಂತೂ ಚುನಾವಣೆ ಬಂತೆಂದರೆ ಎಲ್ಲರಿಗೂ ನಮ್ಮದೇ ಧ್ಯಾನ. ಅರಿಶಿನ ಕುಂಕುಮದ ಜೊತೆ ಸೀರೆ, ಕುಕ್ಕರು ಹಂಚಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕುಕ್ಕರನ್ನೂ ಸರ್ಕಾರದ ಯೋಜನೆಯನ್ನೂ ಒಂದೇ ತಟ್ಟೆಯಲ್ಲಿಟ್ಟು ಹಳಿಯುವವರ ಗುಂಪಿಗೆ ನಾನು ಸೇರುವುದಿಲ್ಲ. 2023ರಲ್ಲಿ ಬಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲದೆ ತವರಿಗೆ ಹೋಗಿ ಬಂದವರ ಮುಖ ನಾನು ನೋಡಿದ್ದೇನೆ. ಗೃಹಲಕ್ಷ್ಮಿಯ ಎರಡು ಸಾವಿರ ಅವಳ ಹೆಸರಿನ ಖಾತೆಗೇ ಬಂತೆನ್ನುವುದು ಸಣ್ಣ ಮಾತಲ್ಲ. ಆದರೆ ಒಂದು ಸಂಕಟ ಉಳಿಯುತ್ತದೆ. ಕೊಡುವವರ ಸಾಲಿನಲ್ಲಿ ಯಾವಾಗಲೂ ಅವರು, ಪಡೆಯುವವರ ಸಾಲಿನಲ್ಲಿ ಯಾವಾಗಲೂ ನಾವು. ಎಷ್ಟು ಕೊಡಬೇಕು, ಯಾವುದನ್ನು ಮೊದಲು ಮಾಡಬೇಕು ಎನ್ನುವ ಕೋಣೆಯಲ್ಲಿ ಅವಳಿಗೊಂದು ಕುರ್ಚಿ ಇಲ್ಲದಿದ್ದರೆ, ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರೂ ಕೇಳುವ ಹಾಗಿಲ್ಲ.

ಡಾ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದನ್ನೇ ಎಚ್ಚರಿಸಿದ್ದರು. ಗಣರಾಜ್ಯವಾದ ದಿನದಿಂದ ನಾವು ವಿರೋಧಾಭಾಸದ ಬಾಳಿಗೆ ಕಾಲಿಡುತ್ತೇವೆ; ರಾಜಕೀಯದಲ್ಲಿ ಎಲ್ಲರೂ ಸಮ, ಸಮಾಜದಲ್ಲಿ ಮತ್ತು ದುಡ್ಡುಕಾಸಿನಲ್ಲಿ ಅಸಮ; ಇದನ್ನು ಬಹುಕಾಲ ಹೀಗೇ ಬಿಟ್ಟರೆ ಕಟ್ಟಿದ್ದೆಲ್ಲ ಕುಸಿದೀತು ಎನ್ನುವುದು ಅವರ ಮಾತಿನ ತಾತ್ಪರ್ಯ. ಅವರು ದೇಶವನ್ನು ಕುರಿತು ಹೇಳಿದ್ದನ್ನು ನಾನು ಮನೆಗೆ ಅನ್ವಯಿಸಿ ಓದುತ್ತೇನೆ. ಮತಗಟ್ಟೆಯಲ್ಲಿ ಅವಳ ಓಟಿಗೂ ಅವನ ಓಟಿಗೂ ಒಂದೇ ತೂಕ. ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ತೂಕ ಬದಲಾಗುತ್ತದೆ.

2023ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು ಸರ್ಕಾರ ಹೇಳಿತು. ಓದಿಸಿದೆವು. ಒಂದು ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಭ್ರಾತೃ ಅಂದರೆ ಅಣ್ಣತಮ್ಮ ಅಲ್ವಾ? ಭ್ರಾತೃತ್ವ ಅಂತ ಇದೆ. ಅಕ್ಕತಂಗಿಯರು ಎಲ್ಲಿ?" ಹುಡುಗರು ಕಿಸಕ್ಕನೆ ನಕ್ಕರು. ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಆ ಪದ ಎಲ್ಲರನ್ನೂ ಒಳಗೊಳ್ಳುತ್ತದೆಂದು ವಿವರಿಸಿದೆ. ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆಗ ಪೀಠಿಕೆಯ ಆರಂಭದಲ್ಲೇ ಇರುವ "ನಾವು" ಎಂಬ ಪದವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಕನ್ನಡದಲ್ಲಿ ಅವನು ಬೇರೆ, ಅವಳು ಬೇರೆ. ನಾವು ಎನ್ನುವುದಕ್ಕೆ ಮಾತ್ರ ಲಿಂಗವಿಲ್ಲ. ಅದರೊಳಗೆ ನೀನೂ ಇದ್ದೀಯೆ, ಅವರೂ ಇದ್ದಾರೆ, ಯಾರೂ ಯಾರ ಬಾಲಕ್ಕೂ ಅಂಟಿಕೊಂಡಿಲ್ಲ ಎಂದೆ. ಹುಡುಗಿ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

ಆ ವಾರವೇ ನಮ್ಮ ಶಾಲಾ ಸಂಸತ್ತಿನ ಚುನಾವಣೆ ಇತ್ತು. ಸಾಮಾನ್ಯವಾಗಿ ಮುಖ್ಯಮಂತ್ರಿ ಸ್ಥಾನಕ್ಕೆ ಹುಡುಗರು ನಿಲ್ಲುವುದು, ಸ್ವಚ್ಛತೆ ಮತ್ತು ಆಹಾರ ಖಾತೆ ಹುಡುಗಿಯರಿಗೆ ಹೋಗುವುದು ರೂಢಿ. ಯಾರೂ ಮಾಡಿದ ನಿಯಮವಲ್ಲ, ಗಾಳಿಯಲ್ಲಿ ಬಂದದ್ದು. ಆ ಸಲ ಮುಖ್ಯಮಂತ್ರಿ ಸ್ಥಾನಕ್ಕೆ ಇದೇ ಹುಡುಗಿ ಹೆಸರು ಕೊಟ್ಟಳು. ಒಂಬತ್ತು ಓಟಿನಿಂದ ಸೋತಳು. ಅಳಲಿಲ್ಲ. "ಮುಂದಿನ ವರ್ಷ ಒಂಬತ್ತನೇ ಕ್ಲಾಸಲ್ವಾ ಮೇಡಂ, ಇನ್ನೊಂದು ಸಲ ನಿಲ್ಲಬಹುದು" ಎಂದಳು. ಸ್ವಚ್ಛತಾ ಮಂತ್ರಿಯಾಗು ಎಂದು ಹುಡುಗರು ಉದಾರವಾಗಿ ಕರೆದರು; ಬೇಡ, ವಿರೋಧ ಪಕ್ಷದಲ್ಲಿ ಕೂರುತ್ತೇನೆ ಎಂದಳು. ಸಂವಿಧಾನ ಸಭೆಯ ಆ 15 ಮಂದಿ ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು.

ನಾವು ದೊಡ್ಡವರು ಮಾಡಬಹುದಾದದ್ದು ಬಹಳ ದೊಡ್ಡದೇನಲ್ಲ. ನಿಮ್ಮ ವಾರ್ಡಿನಲ್ಲಿ ಅಥವಾ ಹಳ್ಳಿಯಲ್ಲಿ ಹೆಣ್ಣುಮಗಳು ಗೆದ್ದಿದ್ದರೆ, ಅಹವಾಲು ಇದ್ದಾಗ ಅವಳ ಗಂಡನಿಗೆ ಫೋನು ಮಾಡಬೇಡಿ, ಅವಳಿಗೇ ಮಾಡಿ. ಅವರು ಎತ್ತಿಕೊಂಡರೆ, "ಸದಸ್ಯರಿಗೆ ಕೊಡಿ" ಎನ್ನಿ. ಗ್ರಾಮಸಭೆಗೆ ಹೋದಾಗ ಅವಳು ನಿಂತಿದ್ದರೆ ಕುರ್ಚಿ ತೋರಿಸಿ. ಸಾಮಾನ್ಯ ಸ್ಥಾನ ಬಂದಾಗ ಅದು ನಮ್ಮದೂ ಹೌದು ಎಂದು ಒಬ್ಬರಿಗಾದರೂ ತಿಳಿಸಿ. ಮತದಾರರ ಪಟ್ಟಿ ಪರಿಷ್ಕರಣೆಗೆಂದು ಮನೆಗೆ ಬಂದಾಗ ಅಡುಗೆ ಮನೆಯಿಂದ ಹೊರಗೆ ಬಂದು ನಿಮ್ಮ ಹೆಸರನ್ನು ನೀವೇ ಹೇಳಿ, ಕಾಗುಣಿತ ಸರಿಯಾಗಿದೆಯೇ ಎಂದು ನೋಡಿ, ಅತ್ತೆಯ ಹೆಸರನ್ನೂ ಅವರ ಬಾಯಿಂದಲೇ ಹೇಳಿಸಿ.